ಕಿಟಕಿ ಪಕ್ಕದ ಸೀಟಿನಲ್ಲಿ ನಡೆದ ಪ್ರತಿರೋಧ

ಪ್ರಯಾಣಿಕರಿಗೆ ಅವರ ಹಕ್ಕುಗಳನ್ನು ತಿಳಿಸಿಕೊಡುವ ಸಪ್ತಾಹದ ಮೊದಲ ದಿನ ಬೆಳಿಗ್ಗೆ, ಕೇಂದ್ರ ಬಸ್ ನಿಲ್ದಾಣದಲ್ಲಿ ನಿಂತಿದ್ದ ಬಸ್ಸೊಂದರೊಳಗೆ ಒಬ್ಬ ದರ್ಜಿಯನ್ನು ಬಂಧಿಸಲಾಯಿತು. ಬಂಧನಕ್ಕೆ ಅಗತ್ಯವಿದ್ದಷ್ಟೇ ಬಲವನ್ನು ಬಳಸಲಾಯಿತು. ಎಷ್ಟು ಅಗತ್ಯವಿತ್ತು ಎಂಬುದು ಬಳಸಿ ಮುಗಿದ ಮೇಲೆ ಗೊತ್ತಾಯಿತು.

ದರ್ಜಿಯ ಅಂಗಡಿ ಪೊಲೀಸ್ ಠಾಣೆಯ ಹಿಂದಿನ ಬೀದಿಯಲ್ಲಿ, ಒಂದು ಮಾಳಿಗೆಯ ಮೆಟ್ಟಿಲ ಕೆಳಗಿತ್ತು. ಒಳಗೆ ಹೊಲಿಗೆ ಯಂತ್ರ, ಇಸ್ತ್ರಿ ಮೇಜು, ಗಿರಾಕಿಗೆಂದು ಒಂದು ಸ್ಟೂಲು. ಗಿರಾಕಿ ಕೂತರೆ ದರ್ಜಿ ನಿಲ್ಲಬೇಕಾಗುತ್ತಿತ್ತು. ಬಾಯಲ್ಲಿ ಸದಾ ಗುಂಡುಸೂಜಿ ಕಚ್ಚಿಕೊಂಡಿರುತ್ತಿದ್ದುದರಿಂದ ಅವನು ಯಾರಿಗೂ ಎದುರು ಮಾತಾಡಿದ್ದಿಲ್ಲ. ಇಡೀ ಆಯುಷ್ಯದಲ್ಲಿ ಅವನು ತೋರಿದ ಪ್ರತಿರೋಧವೆಂದರೆ, ಹೆಣ್ಣುಮಗಳನ್ನು ಕಾನೂನು ಯಾಕೆ ಓದಿಸ್ತೀಯ ಎಂದು ಗದರಿದ ಅಣ್ಣನಿಗೆ “ನೋಡೋಣ ಬಿಡಣ್ಣ” ಎಂದದ್ದು.

ಮಗಳು ಓದಿ ಮುಗಿಸಿದಳು. ಪಕ್ಕದ ಪಟ್ಟಣದಲ್ಲಿ ಹಿರಿಯ ವಕೀಲೆಯೊಬ್ಬರ ಕೈಕೆಳಗೆ ಸೇರಿಕೊಂಡಳು. ಸಪ್ತಾಹದ ಮೊದಲ ದಿನ ಮಧ್ಯಾಹ್ನವೇ ಅವಳು ಮೊದಲ ಬಾರಿಗೆ ಕೋರ್ಟಿನಲ್ಲಿ ಎದ್ದು ನಿಂತು ವಾದಿಸಬೇಕಿತ್ತು. ಅದಕ್ಕೆ ಕರಿ ಕೋಟು ಬೇಕು. ಕರಿ ಕೋಟಿಲ್ಲದ ವಕೀಲರ ಮಾತು ನ್ಯಾಯಾಲಯಕ್ಕೆ ಕೇಳಿಸುವುದಿಲ್ಲ. ದರ್ಜಿ ಆ ಕೋಟನ್ನು ಹೊಲಿದು, ಬಿಚ್ಚಿ, ಮತ್ತೆ ಹೊಲಿದು, ಹೆಂಡತಿಯ ಮೈಗೆ ತೊಡಿಸಿ ನೋಡಿ, ಮತ್ತೆ ಬಿಚ್ಚಿದ್ದ. “ಇನ್ನೊಂದು ಸಲ ಬಿಚ್ಚಿದ್ರೆ ನಾನೇ ಹೋಗಿ ವಾದ ಮಾಡ್ತೀನಿ ನೋಡಿ” ಎಂದು ಹೆಂಡತಿ ಹೆದರಿಸಿದ ಮೇಲೆ ಕಾಜಾ ತೆಗೆದು ಗುಂಡಿ ಹಾಕಿದ. ಮಡಚಿದರೆ ಹೆಗಲು ಕೆಡುತ್ತದೆಂದು ತೊಡೆಯ ಮೇಲೆ ಉದ್ದಕ್ಕೆ ಹರಡಿಕೊಂಡು ಬಸ್ಸಿನ ಕಿಟಕಿ ಪಕ್ಕ ಕೂತ. ಕಿಟಕಿ ಸಿಗದಿದ್ದರೆ ಅವನಿಗೆ ಹೊಟ್ಟೆ ತೊಳಸುತ್ತಿತ್ತು. ಆ ದಿನ ತೊಡೆಯ ಮೇಲಿದ್ದದ್ದನ್ನು ನೆನೆದರೆ ಅದು ಸಣ್ಣ ವಿಷಯವಲ್ಲ.

ಅದೇ ಬಸ್ಸಿನಲ್ಲಿ ಪ್ರಯಾಣಿಕರ ಹಕ್ಕು ಸಂರಕ್ಷಣಾಧಿಕಾರಿಗಳು ಸಾಮಾನ್ಯ ಪ್ರಯಾಣಿಕರಾಗಿ ಪಕ್ಕದ ಪಟ್ಟಣಕ್ಕೆ ತೆರಳಿ, ಅಲ್ಲಿಯ ಸಮಾರಂಭವನ್ನು ಉದ್ಘಾಟಿಸುವುದೆಂದು ತೀರ್ಮಾನವಾಗಿತ್ತು. ಅವರು ಸಾಮಾನ್ಯವಾಗಿರುವುದನ್ನು ತೆಗೆಯಲು ಒಬ್ಬ ಫೋಟೋಗ್ರಾಫರ್ ಬಂದಿದ್ದ. ಹೊರಡುವ ಮುನ್ನ ಕಂಡಕ್ಟರ್ ಮುಂದೆ ನಿಂತು, ಟಿಕೆಟ್ ಪಡೆದ ಪ್ರತಿಯೊಬ್ಬ ಪ್ರಯಾಣಿಕನೂ ತಾನು ಕೂತ ಸೀಟಿನಲ್ಲಿ ಕೊನೆಯ ನಿಲ್ದಾಣದವರೆಗೆ ಕೂರುವ ಹಕ್ಕು ಹೊಂದಿರುತ್ತಾನೆ ಎಂದು ಗಟ್ಟಿಯಾಗಿ ಓದಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ದರ್ಜಿಯೂ ಕೋಟಿಗೆ ತಾಗದಂತೆ ತಟ್ಟಿದ. ಚಪ್ಪಾಳೆ ನಿಂತ ಮೇಲೆ ಕಂಡಕ್ಟರ್ ಅವನ ಬಳಿ ಬಂದು ಬಗ್ಗಿದ.

“ಯಜಮಾನ್ರೇ, ಒಂಚೂರು ಏಳ್ತೀರಾ?”

“ಯಾಕಪ್ಪ?”

“ಸಾಹೇಬ್ರು ಇಲ್ಲಿ ಕೂತ್ಕೋಬೇಕು.”

“ಪಕ್ಕದಲ್ಲಿ ಖಾಲಿ ಇದೆಯಲ್ಲ.”

“ಅಲ್ಲಿ ಬೆಳಕು ಬೀಳಲ್ಲ. ಫೋಟೋದಲ್ಲಿ ಮುಖ ಕಪ್ಪಾಗತ್ತೆ.”

“ನಂಗೆ ಕಿಟಕಿ ಇಲ್ದಿದ್ರೆ ವಾಂತಿ ಬರತ್ತೆ. ಅಲ್ಲದೆ ಸೀಟು ನಮ್ಮ ಹಕ್ಕು ಅಂತ ನೀವೇ ಈಗ ಓದಿದ್ರಲ್ಲ?”

“ಅದು ಓದೋಕೆ ಕೊಟ್ಟಿದ್ದು ಯಜಮಾನ್ರೇ.”

ಸಂರಕ್ಷಣಾಧಿಕಾರಿಗಳು ಸಜ್ಜನರು. “ಬಲವಂತ ಬೇಡಪ್ಪ. ಅವರ ಹಕ್ಕು ಅವರದು. ಅದನ್ನ ಅವರಿಗೆ ಯಾರಾದ್ರೂ ಸರಿಯಾಗಿ ಅರ್ಥ ಮಾಡಿಸಿ” ಎಂದು ಹೇಳಿ, ಟೀ ಕುಡಿಯಲು ಇಳಿದು ಹೋದರು. ಅರ್ಥ ಮಾಡಿಸಲು ಒಬ್ಬ ದಫೇದಾರ ಮತ್ತು ಇಬ್ಬರು ಪೇದೆಗಳು ಹತ್ತಿದರು. ಪೇದೆಗಳಲ್ಲಿ ಒಬ್ಬ ದಪ್ಪ, ಇನ್ನೊಬ್ಬ ಉದ್ದ.

“ಏಳ್ರೀ” ಎಂದ ದಫೇದಾರ.

“ನಾನೇನು ತಪ್ಪು ಮಾಡಿದೆ ಸಾರ್?”

“ತಪ್ಪು ಆಮೇಲೆ ನೋಡೋಣ. ಮೊದಲು ಏಳಿ.”

ದರ್ಜಿಗೆ ಮಗಳು ಹೇಳಿಕೊಟ್ಟದ್ದು ನೆನಪಾಯಿತು. ಅವನು ತುಸು ನಾಚಿಕೊಂಡೇ ಕೇಳಿದ: “ಸಾರ್, ನನ್ನನ್ನ ಅರೆಸ್ಟ್ ಮಾಡ್ತಿದ್ದೀರಾ? ಹಾಗಂತ ಕೇಳಬೇಕಂತೆ, ನನ್ನ ಮಗಳು ಹೇಳಿದಾಳೆ.”

ದಫೇದಾರ ಯೋಚಿಸಿದ. ಆ ಕ್ಷಣದವರೆಗೆ ಅವನಿಗೆ ಅಂಥ ಉದ್ದೇಶವಿರಲಿಲ್ಲ. ಆದರೆ ಇಷ್ಟು ಮರ್ಯಾದೆಯಿಂದ ಕೇಳಿದವರಿಗೆ ಇಲ್ಲ ಎನ್ನುವುದು ಅವನಿಗೆ ಸರಿ ಕಾಣಲಿಲ್ಲ.

“ಹೂಂ, ಅರೆಸ್ಟ್ ಅಂತಲೇ ಇಟ್ಕೊಳ್ಳಿ.”

“ಯಾವ ಕಾರಣಕ್ಕೆ ಸಾರ್?”

“ಅರೆಸ್ಟಿಗೆ ಪ್ರತಿರೋಧ ಒಡ್ಡಿದ್ದಕ್ಕೆ.”

“ಅರೆಸ್ಟೇ ಆಗಿರ್ಲಿಲ್ಲವಲ್ಲ, ಪ್ರತಿರೋಧ ಎಲ್ಲಿಂದ ಬಂತು?”

“ಈಗ ಆಯ್ತಲ್ಲ. ಎದ್ರಾ? ಇಲ್ಲ. ಮತ್ತೆ ಅದೇ ಪ್ರತಿರೋಧ.”

ಮುಂದೆ ನಡೆದದ್ದನ್ನು ಠಾಣೆಯ ಹೇಳಿಕೆಯಲ್ಲಿ “ಆಸೀನ ವ್ಯಕ್ತಿಯನ್ನು ಮೇಲೇಳಲು ಪ್ರೋತ್ಸಾಹಿಸಲಾಯಿತು” ಎಂದು ಬಣ್ಣಿಸಲಾಗಿದೆ. ದಪ್ಪ ಪೇದೆ ಬಲ ತೋಳನ್ನು ಪ್ರೋತ್ಸಾಹಿಸಿದ. ಉದ್ದ ಪೇದೆ ಕತ್ತಿನ ಪಟ್ಟಿಯನ್ನು ಪ್ರೋತ್ಸಾಹಿಸಿದ. ಮುಂದಿನ ಸೀಟಿನ ಕಂಬಿಗೆ ಮೊಣಕಾಲು ಸಿಕ್ಕಿಕೊಂಡಿದ್ದರಿಂದ ದರ್ಜಿಯ ಮೇಲಿನ ಅರ್ಧ ಎದ್ದಿತು, ಕೆಳಗಿನ ಅರ್ಧ ಪ್ರತಿರೋಧ ಮುಂದುವರಿಸಿತು. ನಡುವೆ ಎಲ್ಲೋ ಲಟಕ್ ಎಂಬ ಸದ್ದು ಬಂತು.

“ಕೋಟು! ಕೋಟು ತುಳೀಬೇಡಿ!” ಎಂದು ದರ್ಜಿ ಕೂಗಿದ. ತೋಳಿನ ಬಗ್ಗೆ ಅವನು ಕೂಗಿದ್ದು ಅದಾದ ಮೇಲೆ.

ಬಸ್ಸಿನಲ್ಲಿದ್ದವರೆಲ್ಲ ಆಚೆ ಕಿಟಕಿಯಿಂದ ಹೊರಗೆ ನೋಡುವ ಹಕ್ಕನ್ನು ಚಲಾಯಿಸಿದರು. ತೊಡೆಯ ಮೇಲೆ ಸ್ಟೀಲ್ ಡಬ್ಬಿ ಇಟ್ಟುಕೊಂಡಿದ್ದ ಅಜ್ಜಿಯೊಬ್ಬರು ಮಾತ್ರ, “ಅಯ್ಯೋ ಬಿಡ್ರೋ, ಕೈ ಕಿತ್ತು ಬರತ್ತೆ!” ಎಂದರು. ದಫೇದಾರ ಅವರ ಕಡೆ ತಿರುಗಿ, “ಅಜ್ಜಿ, ನಿಮ್ಮದು ಯಾವ ಸೀಟು?” ಎಂದು ಬಹಳ ಮೃದುವಾಗಿ ಕೇಳಿದ. ಅಜ್ಜಿ ತಮ್ಮ ಸೀಟನ್ನೊಮ್ಮೆ ನೋಡಿಕೊಂಡರು. ಅದೂ ಕಿಟಕಿ ಪಕ್ಕದ್ದೇ. ಅವರು ಡಬ್ಬಿಯ ಮುಚ್ಚಳ ಗಟ್ಟಿ ಮಾಡಿಕೊಂಡು ಸುಮ್ಮನಾದರು.

ದರ್ಜಿಯನ್ನು ಇಳಿಸಲಾಯಿತು. ಸಂರಕ್ಷಣಾಧಿಕಾರಿಗಳು ಬಂದು ಕೂತರು. ಬೆಳಕು ಚೆನ್ನಾಗಿ ಬಿತ್ತು.

ಠಾಣೆಯಲ್ಲಿ ಇನ್‌ಸ್ಪೆಕ್ಟರು ಘಟನೆಯ ಗಂಭೀರ ಭಾಗವನ್ನು ಮೊದಲು ಕೈಗೆತ್ತಿಕೊಂಡರು. ಪ್ರೋತ್ಸಾಹದ ವೇಳೆ ದಪ್ಪ ಪೇದೆಯ ಅಂಗಿ ಕಂಕುಳಲ್ಲಿ ಬಿಟ್ಟುಕೊಂಡಿತ್ತು.

“ಇದು ಸರ್ಕಾರಿ ಬಟ್ಟೆ” ಎಂದರು ಇನ್‌ಸ್ಪೆಕ್ಟರು. “ಇದನ್ನ ಹೊಲಿದವನು ಯಾರು?”

“ನಾನೇ ಸಾರ್” ಎಂದ ದರ್ಜಿ. ಠಾಣೆಯ ಹಿಂದೆಯೇ ಅಂಗಡಿ ಇದ್ದುದರಿಂದ ಅಲ್ಲಿಯ ಎಲ್ಲರ ಅಂಗಿಯನ್ನೂ ಅವನೇ ಹೊಲಿಯುತ್ತಿದ್ದ.

ಇನ್‌ಸ್ಪೆಕ್ಟರು ಕುರ್ಚಿಯಲ್ಲಿ ಹಿಂದಕ್ಕೊರಗಿದರು. “ಓಹೋ. ಅಂದ್ರೆ ಇದು ಇವತ್ತು ಬೆಳಿಗ್ಗೆ ಹೊಳೆದ ಯೋಚನೆ ಅಲ್ಲ. ಆಗಲೇ ಹೊಲಿಗೆ ಸಡಿಲ ಬಿಟ್ಟು ಕಾಯ್ತಾ ಇದ್ದೆ.”

“ನಾನು ಅಳತೆ ತಗೊಂಡಾಗ ಅವರು ಇಷ್ಟು ದಪ್ಪ ಇರಲಿಲ್ಲ ಸಾರ್.”

ದಪ್ಪ ಪೇದೆಯ ಮುಖ ಸಪ್ಪಗಾಯಿತು. ಕರ್ತವ್ಯದಲ್ಲಿರುವ ನೌಕರನ ಮನಸ್ಸಿಗೆ ನೋವುಂಟುಮಾಡಿದ ಆರೋಪವನ್ನೂ ಸೇರಿಸಲಾಯಿತು. ಅಂಗಿ ಬದಲಿಸಿ ಬರುತ್ತೇನೆಂದು ಅವನು ಕೇಳಿದಾಗ, ಅದು ಸಾಕ್ಷ್ಯವಾದ್ದರಿಂದ ವಿಚಾರಣೆ ಮುಗಿಯುವವರೆಗೆ ಹರಿದಿದ್ದಂತೆಯೇ ತೊಟ್ಟುಕೊಂಡಿರಬೇಕೆಂದು ಆದೇಶವಾಯಿತು.

ನಂತರ ಕೋಟಿನ ಪ್ರಶ್ನೆ ಬಂತು.

“ಕರಿ ಬಟ್ಟೆ” ಎಂದರು ಇನ್‌ಸ್ಪೆಕ್ಟರು. “ಉದ್ಘಾಟನೆಗೆ ಹೋಗ್ತಿದ್ದ ಸಾಹೇಬ್ರ ಬಸ್ಸಲ್ಲೇ ಕರಿ ಬಟ್ಟೆ. ಕರಿ ಬಾವುಟ ತೋರಿಸೋ ಯೋಜನೆ ಇತ್ತೋ?”

“ಸಾರ್, ಅದು ನನ್ನ ಮಗಳ ಕೋಟು. ಅವಳು ವಕೀಲೆ. ತೋಳಿರೋ ಬಾವುಟ ಎಲ್ಲಾದ್ರೂ ನೋಡಿದ್ದೀರಾ?”

“ಇಲ್ಲ. ಅದಕ್ಕೇ ಅನುಮಾನ.”

ಕೋಟನ್ನು ಕಾಗದದಲ್ಲಿ ಸುತ್ತಿ, ಅರಗಿನ ಮುದ್ರೆ ಹಾಕಿ ಕಪಾಟಿನಲ್ಲಿಡಲಾಯಿತು. ಸುತ್ತುವಾಗ ನಾಲ್ಕಾಗಿ ಮಡಚಿದ್ದನ್ನು ನೋಡಿ ದರ್ಜಿಯ ಕಣ್ಣಲ್ಲಿ ನೀರು ಬಂತು. ಆರೋಪಿ ಪಶ್ಚಾತ್ತಾಪ ಪಟ್ಟನೆಂದು ಬರೆದುಕೊಂಡರು.

ಸರ್ಕಾರಿ ವೈದ್ಯರು ತೋಳನ್ನು ಮುಟ್ಟಿ ನೋಡಿ, ಭುಜದ ಕೀಲು ಜಾರಿದೆ ಎಂದರು. ಹೇಗಾಯಿತೆಂದು ಕೇಳಿದರು. “ಕೂತಿದ್ದ ಡಾಕ್ಟ್ರೇ” ಎಂದ ದಫೇದಾರ. ವೈದ್ಯರು ಹಾಗೆಯೇ ಬರೆದುಕೊಂಡರು.

“ಕೂತ್ರೆ ಭುಜ ಜಾರತ್ತಾ ಡಾಕ್ಟ್ರೇ?” ದರ್ಜಿ ಹಲ್ಲು ಕಚ್ಚಿಕೊಂಡು ಕೇಳಿದ.

“ಕೆಲವರಿಗೆ ಆಗತ್ತೆ. ಉಸಿರು ಬಿಗಿ ಹಿಡೀರಿ” ಎಂದು ವೈದ್ಯರು ತೋಳನ್ನು ತಿರುವಿ ಕೂರಿಸಿದರು. ಆ ಸದ್ದು ಮಾತ್ರ ಠಾಣೆಯ ಹೇಳಿಕೆಯಲ್ಲಿ ಸರಿಯಾಗಿ ದಾಖಲಾಗಿದೆ.

ಇತ್ತ ಪಕ್ಕದ ಪಟ್ಟಣದ ನಿಲ್ದಾಣದಲ್ಲಿ ಮಗಳು ಅಪ್ಪನ ದಾರಿ ಕಾಯುತ್ತಿದ್ದಳು. ಬಸ್ಸು ಬಂತು. ಅಪ್ಪ ಇಳಿಯುವ ಬದಲು ಯಾರೋ ದೊಡ್ಡವರು ಇಳಿದರು, ಜನ ಚಪ್ಪಾಳೆ ತಟ್ಟಿ ಹೂಗುಚ್ಛ ಕೊಟ್ಟರು. ಕೊನೆಯಲ್ಲಿ ಇಳಿದ ಡಬ್ಬಿ ಅಜ್ಜಿ ಅವಳನ್ನು ಮೇಲಿಂದ ಕೆಳಕ್ಕೆ ನೋಡಿದರು.

“ಕೋಟಿನ ಹುಡುಗಿ ನೀನೇನಾ? ನಿಮ್ಮಪ್ಪ ಬಸ್ ಹತ್ತಿದಾಗಿನಿಂದ ನಿನ್ನ ಸುದ್ದೀನೇ ಹೇಳ್ತಿದ್ರು.”

“ಅಪ್ಪ ಎಲ್ಲಿ ಅಜ್ಜಿ?”

“ಚೆನ್ನಾಗೇ ಇದಾರೆ, ಒಂದು ಕೈ ಬಿಟ್ಟು. ಪೊಲೀಸ್ರು ಕರ್ಕೊಂಡು ಹೋದ್ರು.” ನಡೆದದ್ದನ್ನೆಲ್ಲ ಹೇಳಿ, ಅಜ್ಜಿ ಡಬ್ಬಿಯನ್ನು ಎದೆಗವಚಿಕೊಂಡರು. “ನಾನು ಬಾಯಿ ತೆಗೆದೆ ಮಗಳೇ. ಆದ್ರೆ ನನ್ನ ಸೀಟು ಯಾವುದು ಅಂತ ಕೇಳಿಬಿಟ್ರು. ಸುಮ್ನಾಗ್ಬಿಟ್ಟೆ.”

ಮಗಳಿಗೆ ಅಳು ಬಂತು, ಸಿಟ್ಟೂ ಬಂತು. ಎರಡಕ್ಕೂ ಅಲ್ಲಿ ಜಾಗವಿರಲಿಲ್ಲ. ಹಕ್ಕುಗಳ ಸಮಾರಂಭಕ್ಕೆಂದು ನಿಲ್ದಾಣದ ತುಂಬ ಕುರ್ಚಿ ಹಾಕಿದ್ದರು. ಅವಳು ತನ್ನ ಮೊದಲ ವಾದವನ್ನು ಬೇರೆಯವರಿಗೆ ಒಪ್ಪಿಸಿ, ಹಿರಿಯ ವಕೀಲೆಯ ಕೋಟನ್ನು ಬೇಡಿ ತೊಟ್ಟು, ಮುಂದಿನ ಬಸ್ಸು ಹಿಡಿದಳು. ಹಿರಿಯ ವಕೀಲೆ ವೃತ್ತಿಯಲ್ಲಿ ಹೇಗೋ ಮೈಯಲ್ಲೂ ಹಾಗೆ ತೂಕದವರು.

ಮರುದಿನ ವಿಚಾರಣೆ. ನ್ಯಾಯಾಧೀಶರು ಕನ್ನಡಕ ಸರಿಪಡಿಸಿಕೊಂಡು, “ಈ ಕೋಟಿನೊಳಗೆ ಯಾರಿದ್ದೀರಿ?” ಎಂದು ಕೇಳಿದರು.

“ಆರೋಪಿಯ ಪರ ವಕೀಲೆ, ಸ್ವಾಮಿ” ಎಂದಳು ಮಗಳು, ತೋಳನ್ನು ಮೇಲಕ್ಕೆ ಸರಿಸಿ ಬೆರಳು ತೋರಿಸುತ್ತ.

ಕಟಕಟೆಯಲ್ಲಿ ಕೈಯನ್ನು ಕೊರಳಿಗೆ ಕಟ್ಟಿಕೊಂಡು ನಿಂತಿದ್ದ ದರ್ಜಿಗೆ ಅಲ್ಲಿಯವರೆಗೆ ನೋವು ಭುಜದಲ್ಲಷ್ಟೇ ಇತ್ತು. ಮಗಳ ಮೈಮೇಲೆ ಜೋತಾಡುತ್ತಿದ್ದ ಕೋಟನ್ನು ಕಂಡು ಅದು ಎಲ್ಲ ಕಡೆ ಹಬ್ಬಿತು. “ಹೆಗಲಲ್ಲಿ ಎರಡು ಬೆರಳು ಒಳಗೆ ಹಿಡೀಬೇಕು” ಎಂದು ಅವನು ಬಾಯಿಬಿಟ್ಟು ಹೇಳಿಬಿಟ್ಟ. ಕೇಳದೆ ಮಾತಾಡಬಾರದೆಂದು ಎಚ್ಚರಿಸಲಾಯಿತು.

ಸಾಕ್ಷಿ ಹೇಳಲು ದಪ್ಪ ಪೇದೆ ಬಂದ. ಕಂಕುಳು ಕಾಣಬಾರದೆಂದು ಕೈ ಒತ್ತಿ ಹಿಡಿದುಕೊಂಡೇ ಪ್ರಮಾಣ ಮಾಡಿದ.

“ನೀವು ಹತ್ತಿರ ಹೋದಾಗ ಆರೋಪಿಯ ಕೈ ಎಲ್ಲಿತ್ತು?” ಮಗಳು ಕೇಳಿದಳು.

“ಕೋಟಿನ ಮೇಲೆ.”

“ಎರಡೂ?”

“ಎರಡೂ.”

“ಹಾಗಾದ್ರೆ ನಿಮಗೆ ಹೊಡೆದ್ರು ಅಂತ ಹೇಳಿಕೆಯಲ್ಲಿ ಬರೆಸಿದ್ದೀರಲ್ಲ, ಅದು ಯಾವ ಕೈಯಲ್ಲಿ?”

“ಹೊಡೀಲಿಲ್ಲ ಮೇಡಂ. ನನ್ನ ಪಕ್ಕೆ ಬರೋ ಜಾಗದಲ್ಲಿ ಮೊಣಕೈ ಇಟ್ಕೊಂಡಿದ್ರು.”

“ನಿಮ್ಮ ಪಕ್ಕೆ ಅಲ್ಲಿಗೆ ಬರತ್ತೆ ಅಂತ ಅವರಿಗೆ ಮೊದಲೇ ಗೊತ್ತಿತ್ತಾ?”

ಪೇದೆ ದಫೇದಾರನ ಮುಖ ನೋಡಿದ. ದಫೇದಾರ ಫ್ಯಾನು ನೋಡಿದ. “ಅಳತೆ ತಗೊಂಡಿದ್ರಲ್ಲ ಮೇಡಂ” ಎಂದ ಪೇದೆ.

ಕೋರ್ಟಿನಲ್ಲಿ ನಗು ಎದ್ದಿತು. ಮಗಳು ನಗಲಿಲ್ಲ. ಅಪ್ಪನ ಬಲಗೈ ಭುಜಕ್ಕಿಂತ ಮೇಲೆ ಏಳುತ್ತಿಲ್ಲವೆಂದೂ, ಕತ್ತರಿ ಹಿಡಿಯುವ ಕೈ ಅದೇ ಎಂದೂ, ಕೂತ ಮನುಷ್ಯನನ್ನು ಏಳಿಸಲು ಕಿತ್ತು ತೆಗೆಯಬೇಕೆಂದು ಯಾವ ಕಾನೂನೂ ಹೇಳುವುದಿಲ್ಲವೆಂದೂ ಅವಳು ವಾದಿಸಿದಳು. ಮಾತಿನ ನಡುವೆ ತೋಳು ಜಾರಿ ಕೈ ಮುಚ್ಚುತ್ತಿತ್ತು, ಅವಳು ಮತ್ತೆ ಸರಿಸಿಕೊಳ್ಳುತ್ತಿದ್ದಳು. ಕೇಳಿದವರೆಲ್ಲ ಮೆಚ್ಚಿಕೊಂಡರು. ಉದ್ದ ಪೇದೆಯಂತೂ ಕಣ್ಣೊರೆಸಿಕೊಂಡ.

ತೀರ್ಪು ಸ್ಪಷ್ಟವಾಗಿತ್ತು. ಟಿಕೆಟ್ ಪಡೆದು ಕೂರುವುದು ಅಪರಾಧವಲ್ಲ, ದರ್ಜಿ ನಿರ್ದೋಷಿ. ಸದುದ್ದೇಶದಿಂದ ಎಳೆಯುವುದೂ ಅಪರಾಧವಲ್ಲ, ಪೊಲೀಸರೂ ನಿರ್ದೋಷಿಗಳು. ಇಬ್ಬರದೂ ತಪ್ಪಿಲ್ಲವಾದ್ದರಿಂದ ಭುಜ ತಾನಾಗಿಯೇ ಜಾರಿತೆಂದು ಭಾವಿಸಬೇಕಾಗುತ್ತದೆ.

“ಅದು ಯಾಕೆ ತಾನಾಗೇ ಜಾರಬೇಕು ಸ್ವಾಮಿ?” ಎಂದಳು ಮಗಳು.

“ಅದನ್ನ ಭುಜವನ್ನೇ ಕೇಳಬೇಕಮ್ಮ” ಎಂದರು ನ್ಯಾಯಾಧೀಶರು. “ಆದರೆ ಅದು ಈ ಪ್ರಕರಣದಲ್ಲಿ ಕಕ್ಷಿದಾರ ಅಲ್ಲವಲ್ಲ.”

ಕೋರ್ಟಿನ ಹೊರಗೆ, ಹುಣಸೆ ಮರದ ಕೆಳಗೆ, ಅವರಿಗೆ ಕೋಟನ್ನು ಮರಳಿಸಲಾಯಿತು. ಮಗಳು ದೊಡ್ಡ ಕೋಟು ಕಳಚಿ ಅದನ್ನು ತೊಟ್ಟಳು. ನಾಲ್ಕು ಮಡಿಕೆಯ ಗೆರೆ, ಕಾಲರಿನ ಮೇಲೆ ಸ್ವಲ್ಪ ಅರಗು. ದರ್ಜಿ ಎಡಗೈಯಲ್ಲಿ ಉಗುರಿನಿಂದ ಅರಗು ಕೆರೆದ, ಎರಡು ಹೆಜ್ಜೆ ಹಿಂದೆ ಹೋಗಿ ನೋಡಿದ, ಮತ್ತೆ ಬಂದು ಹೆಗಲು ತಟ್ಟಿದ. “ಸರಿಯಾಗಿ ಕೂತಿದೆ” ಎಂದ. ಅಷ್ಟು ಹೊತ್ತು ತಡೆದುಕೊಂಡಿದ್ದ ಮಗಳು ಆಗ ಅತ್ತಳು.

ಅಲ್ಲಿಗೆ ಬಿಡಬಹುದಿತ್ತು. ಮಗಳು ಬಿಡಲಿಲ್ಲ. ಅಪ್ಪನ ಪರವಾಗಿ ದೂರು ಬರೆದು, ನಿಯಮದ ಪ್ರಕಾರ ಪ್ರಯಾಣಿಕರ ಹಕ್ಕು ಸಂರಕ್ಷಣಾಧಿಕಾರಿಗಳಿಗೇ ಕೊಟ್ಟಳು. ಅವರು ಓದಿ ಬಹಳ ನೊಂದುಕೊಂಡರು. “ನಾನೇ ಸಾಕ್ಷಿ ಕಣಮ್ಮ. ನಾನು ಕೂತಾಗ ಸೀಟು ಇನ್ನೂ ಬಿಸಿ ಇತ್ತು” ಎಂದರು. ತನಿಖೆಯನ್ನು ಖುದ್ದಾಗಿ ನಡೆಸಿದರು. ಇಂದಿನವರೆಗೆ ಸೀಟಿನಿಂದ ಎಳೆಯಲ್ಪಟ್ಟವರೆಲ್ಲ ಆ ಹೊತ್ತಿಗೆ ಸೀಟಿನಲ್ಲಿ ಕೂತಿದ್ದವರೇ ಎಂಬುದನ್ನು ಅವರು ಪತ್ತೆ ಹಚ್ಚಿದರು. ನಿಂತಿದ್ದ ಒಬ್ಬ ಪ್ರಯಾಣಿಕನಿಗೂ ಹೀಗಾದ ಉದಾಹರಣೆ ಸಿಗಲಿಲ್ಲ. ಮುಂದಿನ ವಾರದಿಂದ ಎಲ್ಲ ನಿಲ್ದಾಣಗಳ ಧ್ವನಿವರ್ಧಕದಲ್ಲಿ ಈ ಪ್ರಕಟಣೆ ಕೇಳಿಬಂತು:

“ಮಾನ್ಯ ಪ್ರಯಾಣಿಕರ ಗಮನಕ್ಕೆ. ಸೀಟಿನಲ್ಲಿ ಕೂರುವುದು ತಮ್ಮ ಹಕ್ಕು. ಹಕ್ಕನ್ನು ಬಳಸುವಾಗ ಮೂಳೆ, ಕೀಲು ಹಾಗೂ ಉಡುಪುಗಳಿಗಾಗುವ ಹಾನಿಗೆ ಸಾರಿಗೆ ಸಂಸ್ಥೆ ಹೊಣೆಯಲ್ಲ. ದಯವಿಟ್ಟು ನಿಂತು ಪ್ರಯಾಣಿಸಿ. ಹಕ್ಕನ್ನು ಸುರಕ್ಷಿತವಾಗಿಡಿ.”

ಜನ ಮೊದಮೊದಲು ನಕ್ಕರು. ಆಮೇಲೆ, ಸುಮ್ಮನೆ ಯಾಕೆ ತಂಟೆ ಎಂದು ಒಬ್ಬೊಬ್ಬರೇ ನಿಂತರು. ನಿಂತವರನ್ನು ಯಾರೂ ಏನೂ ಕೇಳಲಿಲ್ಲವಾದ್ದರಿಂದ ಪ್ರಕಟಣೆ ನಿಜವೆಂದು ಸಾಬೀತಾಯಿತು. ಮಗಳು ಮಾತ್ರ ಹಟ ಹಿಡಿದು, ಕೋರ್ಟಿಗೆ ಹೋಗಿ ಬರುವಾಗಲೆಲ್ಲ ಕಿಟಕಿ ಪಕ್ಕವೇ ಕೂರುತ್ತಿದ್ದಳು. ಅವಳು ಕೂತಾಗಲೆಲ್ಲ ಅವಳ ಸುರಕ್ಷತೆಗೆಂದು ದಫೇದಾರ ಇಬ್ಬರು ಪೇದೆಗಳೊಂದಿಗೆ ಬಂದು ಸುತ್ತ ನಿಲ್ಲುತ್ತಿದ್ದ, ಅವಳು ಏಳುವವರೆಗೆ ಬಸ್ಸು ಹೊರಡುತ್ತಿರಲಿಲ್ಲ. ಯಾರೂ ಅವಳನ್ನು ಮುಟ್ಟಲಿಲ್ಲ. ಮಾತಾಡಿದ್ದು ಸಹಪ್ರಯಾಣಿಕರು.

“ಅಮ್ಮಾ, ನಿನ್ನ ಹಕ್ಕಿಗೋಸ್ಕರ ನಮಗೆ ದಿನಾ ಲೇಟು” ಎಂದರು ಒಬ್ಬರು.

“ನನ್ನ ಕೆಲಸ ಹೋದ್ರೆ ನೀನು ಕೊಡಿಸ್ತೀಯಾ?” ಎಂದರು ಇನ್ನೊಬ್ಬರು.

ಒಂದು ದಿನ ಡಬ್ಬಿ ಅಜ್ಜಿ ಜನರ ನಡುವಿನಿಂದ ನುಸುಳಿ ಬಂದು, ಅವಳ ತಲೆ ಸವರಿ, “ಏಳು ಮಗಳೇ, ನಂಗೂ ಕಾಲು ನೋಯ್ತಿದೆ. ಬೇಗ ಊರು ಸೇರೋಣ” ಎಂದರು. ಮಗಳು ಅಜ್ಜಿಯ ಮುಖ ನೋಡಿದಳು, ಎದ್ದಳು. ಬಸ್ಸು ಹೊರಟಿತು.

ಈಗ ಎಲ್ಲವೂ ಸುಗಮವಾಗಿದೆ. ಸೀಟುಗಳಿಗೆ ಹೊಸ ಕವರು ಬಂದಿದೆ, ಕಂಡಕ್ಟರ್ ದಿನಾ ಒರೆಸುತ್ತಾನೆ. ನಡುವಿನ ಜಾಗದಲ್ಲಿ ಒತ್ತಿಕೊಂಡು ನಿಲ್ಲುವುದರಿಂದ ಜನರಲ್ಲಿ ಸೌಹಾರ್ದ ಬೆಳೆದಿದೆ. ನಿಂತರೆ ಹೊಟ್ಟೆ ತೊಳಸುವುದಿಲ್ಲವೆಂದು ದರ್ಜಿಯೂ ಕಂಡುಕೊಂಡಿದ್ದಾನೆ. ಅಂಗಡಿ ತೆರೆದಿದ್ದಾನೆ, ಬಟ್ಟೆ ಕತ್ತರಿಸಲು ಹೆಂಡತಿ ಬರುತ್ತಾಳೆ, ಹೊಲಿಗೆ ಅವನದೇ. ದಪ್ಪ ಪೇದೆಗೆ ಹೊಸ ಅಂಗಿ ಹೊಲಿದುಕೊಟ್ಟಿದ್ದಾನೆ, ಕಂಕುಳಲ್ಲಿ ಧಾರಾಳವಾಗಿ ಜಾಗ ಬಿಟ್ಟು.

ಮೊನ್ನೆ ಅಪ್ಪ ಮಗಳು ಪಕ್ಕದ ಪಟ್ಟಣಕ್ಕೆ ಹೊರಟಿದ್ದಾಗ, ಬೇರೆ ಊರಿನವನೊಬ್ಬ ಬ್ಯಾಗು ಹಿಡಿದು ಹತ್ತಿದ. ಅಷ್ಟೂ ಸೀಟು ಖಾಲಿ ಇರುವುದನ್ನು ಕಂಡು ಅವನಿಗೆ ಖುಷಿಯಾಯಿತು. ಕೂತೇಬಿಟ್ಟ.

“ಏಳಪ್ಪ” ಎಂದರು ಪಕ್ಕದವರು.

“ಯಾಕ್ರೀ? ಟಿಕೆಟ್ ತಗೊಂಡಿದೀನಿ.”

ಪೊಲೀಸರನ್ನು ಕಾಯುತ್ತ ಕೂರುವಷ್ಟು ಪುರುಸೊತ್ತು ಈಗ ಯಾರಿಗೂ ಇಲ್ಲ. ನಾಲ್ಕು ಜನ ಬಂದು ಅವನನ್ನು ಹಿಡಿದರು. ದರ್ಜಿ ಅವಸರದಿಂದ ಮುಂದೆ ಬಂದ. “ತೋಳು ಹಿಡೀಬೇಡಿ, ಜಾರತ್ತೆ. ಕಂಕುಳಿಗೆ ಕೈ ಕೊಟ್ಟು ಎತ್ತಿ. ಮೊದಲು ಮೊಣಕಾಲು ಈಚೆ ತೆಗೀರಿ. ಹಾಂ, ಹಾಗೆ.” ಅವನ ಮಾತಿನಂತೆ ಎತ್ತಿದರು. ಎಲ್ಲೂ ಸದ್ದು ಬರಲಿಲ್ಲ. ಕೆಳಗೆ ಬಿದ್ದ ಬ್ಯಾಗನ್ನು ಮಗಳು ಎತ್ತಿ ಅವನ ಕೈಗೆ ಕೊಟ್ಟಳು, ಮೇಲಿನ ಕಂಬಿ ತೋರಿಸಿ “ಇಲ್ಲಿ ಹಿಡ್ಕೊಳ್ಳಿ, ಮುಂದೆ ತಿರುವಿದೆ” ಎಂದಳು.

ಅವನು ಕಂಬಿ ಹಿಡಿದು, ಸಾಲಾಗಿ ಹೊಳೆಯುತ್ತಿದ್ದ ಖಾಲಿ ಸೀಟುಗಳನ್ನು ನೋಡಿದ. “ಯಾರೂ ಕೂರಂಗಿಲ್ಲ ಅಂದ್ಮೇಲೆ ಇವನ್ನ ಯಾಕ್ರೀ ಇಟ್ಟಿದೀರಿ? ಕಿತ್ತು ಹಾಕಬಾರದಾ?”

ಎಲ್ಲರೂ ಅವನ ಕಡೆ ತಿರುಗಿದರು. ಕಂಡಕ್ಟರ್ ಟಿಕೆಟ್ ಹರಿಯುವುದನ್ನು ನಿಲ್ಲಿಸಿ, ಇಂಥ ಮಾತನ್ನು ಬಾಯಲ್ಲಿ ಹೇಗೆ ತಂದನಪ್ಪ ಎಂಬಂತೆ ನೋಡಿದ.

“ಸೀಟು ಕಿತ್ತು ಹಾಕಿದ್ರೆ ಜನ ಸುಮ್ನೆ ಬಿಡ್ತಾರೇನ್ರೀ?”

ಯಾರೂ ಬಿಡುವುದಿಲ್ಲವೆಂದು ಎಲ್ಲರೂ ಒಟ್ಟಿಗೆ ತಲೆಯಾಡಿಸಿದರು.